ಖಾಲಿ ಮನೆಗೂ ಕಂತು ಕಟ್ಟಬೇಕು



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮದುವೆಯ ಖರ್ಚು, ಮಕ್ಕಳ ವಿದ್ಯಾಭ್ಯಾಸ, ಹೊಲದ ಪಾಲು ಇವುಗಳ ವಿಚಾರವೇ ಹೆಚ್ಚಾಗಿರುತ್ತಿತ್ತು. ಈಚೆಗೆ ಇನ್ನೊಂದು ಪ್ರಶ್ನೆ ಅವುಗಳ ಜೊತೆಗೆ ಸೇರಿಕೊಂಡಿದೆ. ಗದಗ ಜಿಲ್ಲೆಯ ನಿವೃತ್ತ ಶಿಕ್ಷಕರೊಬ್ಬರು ಅದನ್ನು ಬಹು ಸ್ಪಷ್ಟವಾಗಿ ಬರೆದಿದ್ದಾರೆ. ನಿವೃತ್ತಿಯಿಂದ ಬಂದ 25 ಲಕ್ಷ ರೂಪಾಯಿ ಅವರ ಕೈಯಲ್ಲಿದೆ. ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದು, ಅವನ ಸಂಬಳದ ಮೇಲೆ 40 ಲಕ್ಷ ರೂಪಾಯಿ ಸಾಲ ದೊರೆಯುವಂತಿದೆ. ಎರಡನ್ನೂ ಕೂಡಿಸಿ ಹುಬ್ಬಳ್ಳಿಯಲ್ಲಿ 60 ಲಕ್ಷದ ಮನೆಯೊಂದನ್ನು ಕೊಂಡು ಬಾಡಿಗೆಗೆ ಕೊಡುವ ಆಲೋಚನೆ ಅವರದು. “ಬಾಡಿಗೆಯೇ ಕಂತನ್ನು ಕಟ್ಟಿಕೊಳ್ಳುತ್ತದೆ, ಇಪ್ಪತ್ತು ವರ್ಷಕ್ಕೆ ಮನೆ ನಿಮ್ಮದಾಗುತ್ತದೆ ಎಂದು ಮಧ್ಯವರ್ತಿಗಳು ಹೇಳುತ್ತಾರೆ. ಇದು ನಿಜವೇ?” ಎಂದು ಅವರು ಕೇಳಿದ್ದಾರೆ.

ನಿಜವಲ್ಲ. ಏಕೆ ನಿಜವಲ್ಲವೆಂಬುದನ್ನು ಅವರ ಅಂಕಿಗಳಿಂದಲೇ ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ಓದುಗರು ತಮ್ಮ ತಮ್ಮ ಅಂಕಿಗಳನ್ನು ಆ ಜಾಗದಲ್ಲಿಟ್ಟು ನೋಡಿಕೊಳ್ಳಬಹುದು.

ಮೊದಲು ಕೊಳ್ಳುವ ಖರ್ಚು. ಕರ್ನಾಟಕದಲ್ಲಿ 45 ಲಕ್ಷ ರೂಪಾಯಿ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5. ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿದರೆ ನಗರ ಪ್ರದೇಶದಲ್ಲಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ. ಒಟ್ಟು ಶೇ. 7.6, ಎಂದರೆ 60 ಲಕ್ಷದ ಮನೆಗೆ 4 ಲಕ್ಷ 56 ಸಾವಿರ ರೂಪಾಯಿ. ಬ್ಯಾಂಕು ಈ ಹಣಕ್ಕೆ ಸಾಲ ಕೊಡುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲವು ಮನೆಯ ಬೆಲೆಯ ಶೇ. 80ನ್ನು ಮೀರುವಂತಿಲ್ಲ, ಆ ಬೆಲೆಯಲ್ಲಿ ಮುದ್ರಾಂಕ, ನೋಂದಣಿಯ ಖರ್ಚನ್ನು ಸೇರಿಸುವಂತಿಲ್ಲ. ಶಿಕ್ಷಕರ ಲೆಕ್ಕದಲ್ಲಿ ಮನೆಯ ಬೆಲೆಗೆ 20 ಲಕ್ಷ, ನೋಂದಣಿಗೆ ನಾಲ್ಕೂವರೆ ಲಕ್ಷ ಹೋಗಿ ನಿವೃತ್ತಿಯ ಹಣ ಬಹುತೇಕ ಮುಗಿದುಹೋಯಿತು.

ಇನ್ನು ಕಂತು. ಬಡ್ಡಿಯನ್ನು ಲೆಕ್ಕಕ್ಕಾಗಿ ಶೇ. 8.5 ಎಂದು ಹಿಡಿಯೋಣ. ಇಪ್ಪತ್ತು ವರ್ಷದ ಅವಧಿಗೆ 40 ಲಕ್ಷದ ಸಾಲಕ್ಕೆ ತಿಂಗಳ ಕಂತು 34,713 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 28,333 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಜಮಾ ಆಗುವುದು 6,380 ರೂಪಾಯಿ ಮಾತ್ರ. ಇಪ್ಪತ್ತು ವರ್ಷದಲ್ಲಿ ಕಟ್ಟುವ ಒಟ್ಟು ಹಣ 83 ಲಕ್ಷದ ಮೇಲಾಗುತ್ತದೆ. ಪಡೆದದ್ದು 40, ಬಡ್ಡಿಯಾಗಿ ಕೊಟ್ಟದ್ದು 43 ಲಕ್ಷಕ್ಕೂ ಹೆಚ್ಚು.

ಬಾಡಿಗೆ ಎಷ್ಟು ಬಂದೀತು? ನಮ್ಮ ನಗರಗಳಲ್ಲಿ ವಾಸದ ಮನೆಯ ವಾರ್ಷಿಕ ಬಾಡಿಗೆ ಸಾಮಾನ್ಯವಾಗಿ ಮನೆಯ ಬೆಲೆಯ ಶೇ. 2ರಿಂದ 4ರೊಳಗೆ ಇರುತ್ತದೆ. ಶೇ. 3 ಎಂದು ಹಿಡಿದರೆ ತಿಂಗಳಿಗೆ 15,000 ರೂಪಾಯಿ. ವರ್ಷದಲ್ಲಿ ಒಂದು ತಿಂಗಳಾದರೂ ಮನೆ ಖಾಲಿ ಬೀಳುವುದುಂಟು. ಹನ್ನೊಂದು ತಿಂಗಳಿಗೆ 1,65,000. ಅದರಲ್ಲಿ ಮನೆ ತೆರಿಗೆ, ಸುಣ್ಣಬಣ್ಣ, ನಲ್ಲಿ, ಮೋಟಾರಿನ ದುರಸ್ತಿಗಾಗಿ 25,000 ಕಳೆದರೆ ಉಳಿಯುವುದು 1,40,000. ಕಟ್ಟಬೇಕಾದ ಕಂತು ವರ್ಷಕ್ಕೆ 4,16,556. ಆದುದರಿಂದ ಪ್ರತಿ ತಿಂಗಳು ಸುಮಾರು 23,000 ರೂಪಾಯಿ ಮಗನ ಸಂಬಳದಿಂದ ಬರಬೇಕು. ಬಾಡಿಗೆ ಕಂತನ್ನು ಕಟ್ಟುತ್ತಿಲ್ಲ. ಕಂತಿನ ಮೂರನೆಯ ಒಂದು ಪಾಲನ್ನು ಮಾತ್ರ ಹೊರುತ್ತಿದೆ.

ಇದೇ ಹಣವನ್ನು ಬೇರೆ ಕಡೆ ಇಟ್ಟಿದ್ದರೆ ಏನಾಗುತ್ತಿತ್ತೆಂಬುದನ್ನೂ ನೋಡಬೇಕು. ಅಂಚೆ ಕಚೇರಿ ಮತ್ತು ಬ್ಯಾಂಕುಗಳಲ್ಲಿರುವ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿಯನ್ನು 2023ರ ಏಪ್ರಿಲ್‌ನಲ್ಲಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಲಾಯಿತು. ಬಡ್ಡಿಯನ್ನು ಅದೇ ತಿಂಗಳು ಶೇ. 8.2ಕ್ಕೆ ನಿಗದಿಗೊಳಿಸಲಾಯಿತು. ಆ ದರದಲ್ಲಿ 25 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 51,250 ರೂಪಾಯಿ, ಎಂದರೆ ತಿಂಗಳಿಗೆ 17,000ದ ಮೇಲೆ. ಠೇವಣಿಯಿಟ್ಟ ದಿನದ ದರವೇ ಐದು ವರ್ಷಕ್ಕೂ ಸ್ಥಿರವಾಗಿರುತ್ತದೆ. 60 ಲಕ್ಷದ ಮನೆಯಿಂದ ಬರುವ ಬಾಡಿಗೆಗಿಂತ, ಸಾಲವಿಲ್ಲದೆ, 25 ಲಕ್ಷದ ಬಡ್ಡಿಯೇ ಹೆಚ್ಚು! ಈ ಹೋಲಿಕೆಯನ್ನು ಮಾಡದೆ ಮನೆ ಕೊಳ್ಳುವವರೇ ಬಹಳ.

“ಮನೆಯ ಬೆಲೆ ಏರುವುದಿಲ್ಲವೇ?” ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಏರಬಹುದು. ಆದರೆ ಏರುವುದು ನೆಲದ ಬೆಲೆ. ಕಟ್ಟಡ ಸವೆಯುತ್ತಲೇ ಹೋಗುತ್ತದೆ. ಸ್ವಂತ ನಿವೇಶನದ ಮೇಲಿನ ಮನೆಗೂ, ಅಪಾರ್ಟ್‌ಮೆಂಟಿನಲ್ಲಿ ಅವಿಭಜಿತ ನೆಲದ ಸಣ್ಣ ಪಾಲು ಮಾತ್ರ ದೊರೆಯುವ ಫ್ಲಾಟಿಗೂ ಈ ವಿಷಯದಲ್ಲಿ ಬಹಳ ಅಂತರವಿದೆ. ಅಲ್ಲದೆ ಏರಿದ ಬೆಲೆ ಕೈಗೆ ಬರುವುದು ಮನೆಯನ್ನು ಮಾರಿದಾಗ. ನಮ್ಮ ಮನೆತನಗಳಲ್ಲಿ ಒಮ್ಮೆ ಕೊಂಡ ಮನೆಯನ್ನು ಮಾರುವವರು ಎಷ್ಟು ಜನ? ಅಸ್ವಸ್ಥರಾಗಿ ಆಸ್ಪತ್ರೆಗೆ ಸೇರಿದ ದಿನ ಗೋಡೆಯ ಇಟ್ಟಿಗೆಯನ್ನು ಕಿತ್ತು ಕೊಡಲಾಗದು. ವೃದ್ಧ ದಂಪತಿಗಳ ಕೊನೆಯ ಗಂಟನ್ನು ಪೂರ್ತಿಯಾಗಿ ಮನೆಗೆ ಸುರಿಯುವುದಕ್ಕೆ ನನ್ನ ಸಮ್ಮತಿಯಿಲ್ಲ. ಆ ಮನೆ ಎಷ್ಟೇ ಚೆನ್ನಾಗಿರಲಿ.

ಬಡ್ಡಿಯ ಸ್ವಭಾವವನ್ನೂ ಅರಿತಿರಬೇಕು. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಬದಲಾಗುವ ಬಡ್ಡಿಯ ಹೊಸ ಗೃಹಸಾಲಗಳನ್ನು ಹೊರಗಿನ ಒಂದು ಮಾನದಂಡಕ್ಕೆ ಜೋಡಿಸಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿತು. ಹೆಚ್ಚಿನ ಬ್ಯಾಂಕುಗಳು ಆಯ್ದುಕೊಂಡದ್ದು ರೆಪೊ ದರವನ್ನು. ಆ ದರ ಇಳಿದರೆ ನಮ್ಮ ಬಡ್ಡಿ ಇಳಿಯುತ್ತದೆ, ಏರಿದರೆ ಏರುತ್ತದೆ. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ಅದು ಶೇ. 4ರಿಂದ 6.5ಕ್ಕೆ ಏರಿತು. ಹತ್ತೇ ತಿಂಗಳಲ್ಲಿ ಎರಡೂವರೆ ಅಂಶ! 2025ರ ಫೆಬ್ರವರಿಯಿಂದ ಮತ್ತೆ ಇಳಿಯತೊಡಗಿತು. ಏರಿಕೆಯ ಆ ಹತ್ತು ತಿಂಗಳು ಸಾಲಗಾರರಿಗೆ ಏನು ಮಾಡಿದವೆಂಬುದಕ್ಕೆ ಒಂದು ಲೆಕ್ಕ ಸಾಕು. ಶೇ. 6.75ರ ಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ 40 ಲಕ್ಷ ಪಡೆದವನ ಕಂತು 30,415 ರೂಪಾಯಿ. ಬಡ್ಡಿ ಶೇ. 9.25 ಆದಾಗ 40 ಲಕ್ಷದ ಒಂದು ತಿಂಗಳ ಬಡ್ಡಿಯೇ 30,833. ಸಾಲ ಇನ್ನೂ ಹೊಸದಾಗಿದ್ದು ಅಸಲು ಕರಗದಿದ್ದರೆ, ಹಳೆಯ ಕಂತು ಪೂರ್ತಿಯಾಗಿ ಬಡ್ಡಿಗೂ ಸಾಲದು. ಕಂತು ಕಟ್ಟುತ್ತಲೇ ಇದ್ದರೂ ಸಾಲ ಬೆಳೆಯುತ್ತದೆ.

ಬಡ್ಡಿ ಏರಿದಾಗ ಬ್ಯಾಂಕುಗಳು ಸಾಮಾನ್ಯವಾಗಿ ಕಂತನ್ನು ಹಾಗೆಯೇ ಬಿಟ್ಟು ಅವಧಿಯನ್ನು ಹಿಗ್ಗಿಸುತ್ತವೆ. ಗ್ರಾಹಕನಿಗೆ ನೋವು ತಿಳಿಯುವುದಿಲ್ಲ. ನಮ್ಮ ಉದಾಹರಣೆಯ ಸಾಲದಲ್ಲಿ ಆರಂಭದಲ್ಲಿಯೇ ಬಡ್ಡಿ ಒಂದೇ ಅಂಶ ಏರಿ ಶೇ. 9.5 ಆದರೆ, ಅದೇ ಕಂತಿನಲ್ಲಿ ತೀರಲು 240 ತಿಂಗಳಿನ ಬದಲು ಸುಮಾರು 309 ತಿಂಗಳು ಬೇಕಾಗುತ್ತದೆ. ಐದೂಮುಕ್ಕಾಲು ವರ್ಷ ಹೆಚ್ಚು! 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಈ ಬಗ್ಗೆ ಸೂಚನೆ ಹೊರಡಿಸಿ, ಕಂತನ್ನು ಏರಿಸುವುದೋ, ಅವಧಿಯನ್ನು ಹೆಚ್ಚಿಸುವುದೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುವುದೋ ಎಂಬ ಆಯ್ಕೆಯನ್ನು ಸಾಲಗಾರನಿಗೇ ಕೊಡಬೇಕೆಂದೂ, ಅವಧಿ ಹೆಚ್ಚಿಸುವುದರಿಂದ ಸಾಲ ಬೆಳೆಯುವಂತಾಗಬಾರದೆಂದೂ ಹೇಳಿತು. ಶಕ್ತಿಯಿದ್ದವರು ಕಂತನ್ನು ಏರಿಸಿಕೊಳ್ಳುವುದೇ ಲೇಸು. ಬ್ಯಾಂಕಿನಿಂದ ಬರುವ ಪತ್ರವನ್ನು ಓದದೆ ಗೂಟಕ್ಕೆ ಸಿಕ್ಕಿಸುವ ಅಭ್ಯಾಸ ಬಿಡಬೇಕು.

ಹಾಗಾದರೆ ಸಾಲ ಮಾಡಿ ಬಾಡಿಗೆ ಮನೆ ಕೊಳ್ಳಲೇಬಾರದೇ? ಹಾಗೆ ನಾನು ಹೇಳಲಾರೆ. ಆದರೆ ಅದಕ್ಕೆ ಒಂದು ಪರೀಕ್ಷೆಯಿದೆ. ಮನೆ ಪೂರ್ತಿ ಖಾಲಿಯಿದ್ದಾಗಲೂ, ಬಾಡಿಗೆಯ ಒಂದು ರೂಪಾಯಿಯನ್ನೂ ಎಣಿಸದೆ, ಕಂತನ್ನು ಕಟ್ಟಿ ಸಂಸಾರ ನಡೆಸಬಲ್ಲೆವೇ? ಕಟ್ಟಬಲ್ಲೆವಾದರೆ ಮುಂದೆ ಹೆಜ್ಜೆಯಿಡಬಹುದು. ಇದರ ಜೊತೆಗೆ ಆರು ತಿಂಗಳ ಕಂತಿನಷ್ಟು ಹಣವನ್ನು, ನಮ್ಮ ಉದಾಹರಣೆಯಲ್ಲಿ 2 ಲಕ್ಷ 8 ಸಾವಿರವನ್ನು, ಬೇರೆಯಾಗಿ ಇಟ್ಟಿರಬೇಕು. ಖಾಸಗಿ ನೌಕರಿಯವರು ಒಂದು ವರ್ಷದ್ದನ್ನು ಇಟ್ಟುಕೊಂಡರೆ ಹೆಚ್ಚೇನೂ ಅಲ್ಲ. ಕಂತು 90 ದಿನ ಮೀರಿ ಬಾಕಿ ಉಳಿಯಿತೆಂದರೆ ಬ್ಯಾಂಕಿನ ದಫ್ತರಿನಲ್ಲಿ ಅದು ಕೆಟ್ಟ ಸಾಲವೆನಿಸುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯಿದೆಯಂತೆ 60 ದಿನಗಳ ನೋಟೀಸು ಕೊಟ್ಟು, ನ್ಯಾಯಾಲಯದ ತೀರ್ಪಿಗೆ ಕಾಯದೆ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳುವ ಅಧಿಕಾರ ಬ್ಯಾಂಕಿಗಿದೆ. ಮೂರು ತಿಂಗಳು ಮನೆ ಖಾಲಿ ಬೀಳುವುದೂ, ಅದೇ ಸಮಯಕ್ಕೆ ಕೆಲಸಕ್ಕೆ ತೊಂದರೆಯಾಗುವುದೂ ಅಪರೂಪದ ಸಂಗತಿಗಳಲ್ಲ. 2020ರಲ್ಲಿ ಕೊರೋನಾ ಬಂದಾಗ ನಗರಗಳಲ್ಲಿ ಎಷ್ಟೋ ಮನೆಗಳ ಬಾಗಿಲಿಗೆ ‘ಬಾಡಿಗೆಗೆ ಇದೆ’ ಎಂಬ ಹಲಗೆ ತಿಂಗಳುಗಟ್ಟಲೆ ತೂಗಾಡಿದ್ದನ್ನು ನಾವೆಲ್ಲ ಕಂಡಿದ್ದೇವೆ.

ಈ ಪರೀಕ್ಷೆಯನ್ನು ನಾನು ಒತ್ತಿ ಹೇಳುವುದಕ್ಕೆ ಹಣದ ಲೆಕ್ಕವೊಂದೇ ಕಾರಣವಲ್ಲ. ಬಾಡಿಗೆಯನ್ನೇ ನಂಬಿ ಕಂತು ಕಟ್ಟುವ ಮಾಲೀಕನು ತನ್ನ ಸಾಲದ ಭಾರವನ್ನು ಬಾಡಿಗೆದಾರನ ತಲೆಯ ಮೇಲೆ ಇಡುತ್ತಾನೆ. ಬಡ್ಡಿ ಏರಿದರೆ ಬಾಡಿಗೆ ಏರಿಸುತ್ತಾನೆ. ಆ ಬಾಡಿಗೆ ಕೊಡುವ ಗುಮಾಸ್ತನಿಗಾಗಲಿ, ನರ್ಸಿಗಾಗಲಿ ಸಂಬಳ ಏರಿತೇ ಎಂದು ಕೇಳುವ ಸ್ಥಿತಿಯಲ್ಲಿ ಅವನಿರುವುದಿಲ್ಲ. ಐದನೆಯ ತಾರೀಖಿಗೆ ಬಾಡಿಗೆ ಬಾರದಿದ್ದರೆ ಅವನ ರಾತ್ರಿಯ ನಿದ್ರೆ ಹೋಗುತ್ತದೆ, ಆರನೆಯ ತಾರೀಖಿಗೆ ಬಾಯಿ ಕೆಡುತ್ತದೆ. ಸೋರುವ ಮಾಳಿಗೆಯ ರಿಪೇರಿಯನ್ನು ಮುಂದಿನ ಮಳೆಗಾಲಕ್ಕೆ ತಳ್ಳುತ್ತಾನೆ. ಅವನು ಕೆಟ್ಟವನಲ್ಲ, ಸಾಲ ಅವನನ್ನು ಹಾಗೆ ಮಾಡಿದೆ. ದಾಸೋಹದ ಮನೆತನವೆಂದು ಹೇಳಿಕೊಳ್ಳುವವರು ಒಂದು ಮನೆಯ ಬೀಗದ ಕೈಯನ್ನು ಇನ್ನೊಂದು ಕುಟುಂಬಕ್ಕೆ ಕೊಡುವಾಗ, ಆ ಕುಟುಂಬದೊಂದಿಗೆ ಸಮಾಧಾನದಿಂದ ಇರಬಲ್ಲಷ್ಟು ಆರ್ಥಿಕ ಶಕ್ತಿಯನ್ನಾದರೂ ಇಟ್ಟುಕೊಂಡಿರಬೇಕಲ್ಲವೇ?

ಪ್ರಸಂಗ ಬಂದುದರಿಂದ ಇನ್ನೊಂದು ಮಾತು. ‘ನಮ್ಮವರಿಗೆ ಮಾತ್ರ’ ಎಂದು ಹೇಳಿ ಬಂದವರ ಜಾತಿಯನ್ನು ವಿಚಾರಿಸಿ ಕಳುಹಿಸುವ ಮನೆಗಳು ನಮ್ಮ ಸಮಾಜದಲ್ಲಿಯೂ ಇವೆ. ಹುಟ್ಟಿನ ಭೇದವನ್ನು ಅಳಿಸಲೆಂದೇ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನಡೆದದ್ದನ್ನು ಬಲ್ಲವರಿಗೆ ಇದು ಎಷ್ಟು ಒಪ್ಪುತ್ತದೆಂಬುದನ್ನು ಅವರವರೇ ಯೋಚಿಸಲಿ. ಲೆಕ್ಕದ ಮಾತನ್ನಷ್ಟೇ ನಾನು ಹೇಳುತ್ತೇನೆ: ಹತ್ತು ಜನ ಬರುವಲ್ಲಿ ಎಂಟು ಜನರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುವ ಮನೆ ಹೆಚ್ಚು ತಿಂಗಳು ಖಾಲಿ ಬೀಳುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ.

ಈಗ ಮುಂಗಡದ ವಿಷಯ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳುವ ರೂಢಿ ಬಹುಕಾಲದಿಂದ ಬೆಳೆದುಬಂದಿದೆ. ಕೇಂದ್ರ ಸರ್ಕಾರವು 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನು ಮೀರಿದ ಮುಂಗಡ ಬೇಡವೆಂದಿದೆ. ಮುಂಗಡ ಎಷ್ಟೇ ಇರಲಿ, ಅದು ಮಾಲೀಕನ ಆದಾಯವಲ್ಲ, ಸಾಲ. ಬಡ್ಡಿಯಿಲ್ಲದ ಸಾಲವಾದುದರಿಂದ ಅದು ಸಾಲವೆಂಬುದೇ ಮರೆತುಹೋಗುತ್ತದೆ. ಒಂದೂವರೆ ಲಕ್ಷ ಮುಂಗಡ ಪಡೆದು ಅದನ್ನು ಮಗಳ ಸೀಮಂತಕ್ಕೋ, ಹೊಸ ವಾಹನಕ್ಕೋ ಖರ್ಚು ಮಾಡಿದವನು, ಬಾಡಿಗೆದಾರ ಮನೆ ಬಿಡುತ್ತೇನೆಂದ ದಿನ ಮುಖ ತಪ್ಪಿಸಿಕೊಳ್ಳುತ್ತಾನೆ. ಇಲ್ಲವೇ ಸುಣ್ಣಬಣ್ಣದ ಹೆಸರಿನಲ್ಲಿ ಮೂರು ಪಟ್ಟು ಮುರಿದುಕೊಳ್ಳುತ್ತಾನೆ. ಮುಂಗಡದ ಹಣ ಬ್ಯಾಂಕಿನಲ್ಲಿ ಠೇವಣಿಯಾಗಿ, ಬಾಡಿಗೆದಾರನ ಹೆಸರಿನ ಚೀಟಿಯೊಂದಿಗೆ ಇರತಕ್ಕದ್ದು.

ಇದಕ್ಕಿಂತ ದೊಡ್ಡ ಸಾಲವೆಂದರೆ ಭೋಗ್ಯ. ಕೆಲವರು ಇದನ್ನೇ ಲೀಸು ಎನ್ನುತ್ತಾರೆ. ಬಾಡಿಗೆದಾರನು ಒಂದು ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸವಿದ್ದು, ಹೋಗುವಾಗ ಪೂರ್ತಿ ಹಣವನ್ನು ಹಿಂದಕ್ಕೆ ಪಡೆಯುವ ಪದ್ಧತಿ ಇದು. ಬ್ಯಾಂಕಿನ ಸಾಲವಿರುವ ಮಾಲೀಕರಿಗೆ ಇದು ಬಹಳ ಆಕರ್ಷಕವಾಗಿ ಕಾಣುತ್ತದೆ. 15 ಲಕ್ಷ ಭೋಗ್ಯ ಪಡೆದು ಬ್ಯಾಂಕಿಗೆ ಕಟ್ಟಿಬಿಟ್ಟರೆ ಸಾಲ ಇಳಿಯಿತಲ್ಲ ಎಂಬ ಎಣಿಕೆ. ಲೆಕ್ಕ ಹಾಕೋಣ. 15 ಲಕ್ಷಕ್ಕೆ ಶೇ. 8.5ರಂತೆ ವರ್ಷಕ್ಕೆ ಉಳಿಯುವ ಬಡ್ಡಿ 1,27,500. ಬಿಟ್ಟುಕೊಟ್ಟ ಬಾಡಿಗೆ, ಖಾಲಿ ತಿಂಗಳನ್ನು ಕಳೆದರೂ, 1,65,000. ವರ್ಷಕ್ಕೆ 37,500 ನಷ್ಟ. ಇದೂ ಹೋಗಲಿ; ಮೂರು ವರ್ಷದ ಕೊನೆಗೆ 15 ಲಕ್ಷವನ್ನು ಎಲ್ಲಿಂದ ತರುವುದು? ಮತ್ತೊಬ್ಬ ಭೋಗ್ಯದಾರ ಸಿಗುವವರೆಗೆ ಮೊದಲಿನವನನ್ನು ಕಾಯಿಸುವುದು, ಅವನು ಹೊಸ ಮನೆಗೆ ಮಾತು ಕೊಟ್ಟು ಅತಂತ್ರನಾಗುವುದು, ಕೊನೆಗೆ ಠಾಣೆ, ಕೋರ್ಟು. ಆ ಹದಿನೈದು ಲಕ್ಷ ಬಹುಮಟ್ಟಿಗೆ ಯಾವುದೋ ಮಧ್ಯಮ ವರ್ಗದ ಸಂಸಾರದ ಇಡೀ ಜೀವಮಾನದ ಉಳಿತಾಯವಾಗಿರುತ್ತದೆ ಎಂಬುದನ್ನು ನೆನಪಿಡಬೇಕು.

ಇಲ್ಲಿ ಕಾನೂನಿನ ತೊಡಕೂ ಇದೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 65ಎ ಕಲಮಿನಂತೆ, ಅಡವಿಟ್ಟ ಮನೆಯನ್ನು ಮಾಲೀಕನು ಬಾಡಿಗೆಗೆ ಕೊಡಬಹುದು. ಆದರೆ ನ್ಯಾಯವಾಗಿ ಬರಬಹುದಾದ ಉತ್ತಮ ಬಾಡಿಗೆಗೆ ಕೊಡಬೇಕು, ಇಡುಗಂಟು ಪಡೆಯುವಂತಿಲ್ಲ, ಬಾಡಿಗೆಯನ್ನು ಮುಂಚಿತವಾಗಿ ವಸೂಲು ಮಾಡುವಂತಿಲ್ಲ, ಕಟ್ಟಡಕ್ಕೆ ಮೂರು ವರ್ಷ ಮೀರಿದ ಅವಧಿಯನ್ನು ಕೊಡುವಂತಿಲ್ಲ. ಬ್ಯಾಂಕಿನ ಅಡಮಾನ ಪತ್ರದಲ್ಲಿ ಇದಕ್ಕಿಂತ ಬಿಗಿಯಾದ ಷರತ್ತುಗಳೂ ಇರುತ್ತವೆ. ಬ್ಯಾಂಕಿನ ಒಪ್ಪಿಗೆಯಿಲ್ಲದೆ ಭೋಗ್ಯಕ್ಕೆ ಕೊಟ್ಟ ಮನೆಯ ಕಂತು ತಪ್ಪಿದರೆ, ಭೋಗ್ಯದಾರನು ಬ್ಯಾಂಕಿನ ಎದುರಿಗೆ ನಿಲ್ಲಲಾರದೆ ಮನೆಯನ್ನೂ ಹಣವನ್ನೂ ಕಳೆದುಕೊಳ್ಳುವ ಸಂಭವವಿದೆ. ಅಡಮಾನವಿರುವ ಮನೆಯನ್ನು ಭೋಗ್ಯಕ್ಕೆ ಕೊಡಬೇಡಿರೆಂಬುದು ನನ್ನ ಖಂಡಿತವಾದ ಅಭಿಪ್ರಾಯ. ಭೋಗ್ಯಕ್ಕೆ ಮನೆ ಹಿಡಿಯುವ ಓದುಗರೂ ಹಣ ಕೊಡುವ ಮೊದಲು ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪತ್ರವನ್ನು ತೆಗೆಸಿ ನೋಡಲಿ.

ಮನೆಯ ಬೆಲೆಯ ಐದನೆಯ ಒಂದು ಪಾಲನ್ನೂ, ನೋಂದಣಿ ಖರ್ಚನ್ನೂ ಕೈಯಿಂದ ಹಾಕಬೇಕೆಂದಾಗ ಕೆಲವರು ಅದಕ್ಕೂ ಸಾಲ ಮಾಡುತ್ತಾರೆ. ವೈಯಕ್ತಿಕ ಸಾಲ, ಚೀಟಿ ಎತ್ತುವುದು, ಬಂಗಾರವನ್ನು ಒತ್ತೆಯಿಡುವುದು, ಊರಿನ ಸೌಹಾರ್ದ ಸಹಕಾರಿಯಿಂದ ಒಂದಿಷ್ಟು. ಸಹಕಾರದ ಬಗ್ಗೆ ನನಗೆ ಗೌರವವಿದೆ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘವನ್ನು ಕಟ್ಟಿದ್ದು ರೈತನನ್ನು ಸಾಹುಕಾರನ ಬಡ್ಡಿಯಿಂದ ಬಿಡಿಸಲೆಂದು. ಅದು ನಮ್ಮ ನಾಡಿನ ಹೆಮ್ಮೆ. ಆದರೆ ಪತ್ತಿನ ಸಂಘಗಳೂ ಸೌಹಾರ್ದಗಳೂ ರಿಸರ್ವ್ ಬ್ಯಾಂಕಿನ ಹತೋಟಿಗೆ ಒಳಪಟ್ಟಿಲ್ಲ. ರೆಪೊ ದರ ಇಳಿದಾಗ ಅಲ್ಲಿನ ಬಡ್ಡಿ ಇಳಿಯಲೇಬೇಕೆಂದಿಲ್ಲ. ಅವಧಿಗೆ ಮೊದಲು ತೀರಿಸಿದರೆ ದಂಡವಿಲ್ಲವೆಂಬ ರಕ್ಷಣೆಯೂ ಅಲ್ಲಿ ತಾನಾಗಿ ಬರುವುದಿಲ್ಲ. ಸಾಲದ ಮೇಲೆ ಸಾಲ ಹೇರಿ ಕೊಂಡ ಮನೆಯಲ್ಲಿ ಮಾಲೀಕನ ಸ್ವಂತದ್ದೆಂಬುದು ಏನೂ ಇರುವುದಿಲ್ಲ. ಕೈಹಣವಿಲ್ಲದಿದ್ದರೆ ಇನ್ನೂ ಎರಡು ವರ್ಷ ಕೂಡಿಡುವುದೇ ಸರಿ.

ಸಹಿಯ ವಿಚಾರಕ್ಕೆ ಬರುತ್ತೇನೆ. ಸಾಲದ ಪತ್ರಕ್ಕೆ ಹೆಂಡತಿಯನ್ನು ಸಹ ಸಾಲಗಾರಳನ್ನಾಗಿ ಸೇರಿಸುವುದು ಈಗ ಸಾಮಾನ್ಯ. ‘ಇಲ್ಲೊಂದು ಸಹಿ ಹಾಕು’ ಎನ್ನುವುದಲ್ಲದೆ, ಸಾಲವೆಷ್ಟು, ಎಷ್ಟು ವರ್ಷ, ತಪ್ಪಿದರೆ ಏನೆಂಬುದನ್ನು ಹೇಳುವ ಗಂಡಂದಿರು ಕಡಿಮೆ. ಗಂಡನು ಕಾಲವಾದರೆ ಪೂರ್ತಿ ಸಾಲ ಆಕೆಯ ಕೊರಳಿಗೆ ಬರುತ್ತದೆ. ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದವಳು ಲಕ್ಕಮ್ಮ. ಮನೆಗೆ ಏನು ಬರಬೇಕು, ಏನು ಬರಬಾರದೆಂದು ಹೇಳುವ ಅಧಿಕಾರ ಗೃಹಿಣಿಗೆ ಇತ್ತೆಂಬುದನ್ನು ಆ ಕಥೆ ಸಾರುತ್ತದೆ. ಸಾಲದ ಪತ್ರ ಮನೆಗೆ ಬರುವಾಗಲೂ ಆ ಅಧಿಕಾರ ಇರಲಿ. ಸಾಲ ಪಡೆಯುವವನ ಹೆಸರಿನಲ್ಲಿ ಸಾಲದಷ್ಟೇ ಮೊತ್ತದ ಅವಧಿ ವಿಮೆಯನ್ನು ಬೇರೆಯಾಗಿ ಮಾಡಿಸುವುದು ತೀರ ಅಗತ್ಯ. ಬ್ಯಾಂಕಿನವರು ಒಂದೇ ಕಂತಿನ ವಿಮೆಯನ್ನು ಸಾಲಕ್ಕೇ ಸೇರಿಸಿ ಕೊಟ್ಟರೆ, ಆ ವಿಮೆಯ ಹಣಕ್ಕೂ ಇಪ್ಪತ್ತು ವರ್ಷ ಬಡ್ಡಿ ತೆರಬೇಕಾಗುತ್ತದೆ.

ಪಿತ್ರಾರ್ಜಿತ ಮನೆಯನ್ನು ಅಡವಿಟ್ಟು ಇನ್ನೊಂದು ಮನೆ ಕೊಳ್ಳುವವರು ಹೆಣ್ಣುಮಕ್ಕಳ ಪಾಲನ್ನು ಮರೆಯಬಾರದು. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ಇಡೀ ದೇಶದಲ್ಲಿ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಸಮಾನ ಹಕ್ಕುದಾರರು. ಅಕ್ಕತಂಗಿಯರ ಒಪ್ಪಿಗೆಯಿಲ್ಲದ ಅಡಮಾನ ಮುಂದೆ ಮನೆತನವನ್ನೇ ಒಡೆಯುತ್ತದೆ.

ತೆರಿಗೆಯ ಆಸೆಯನ್ನು ತೋರಿಸಿ ಸಾಲ ಮಾಡಿಸುವವರೂ ಇದ್ದಾರೆ. ಬಾಡಿಗೆಗೆ ಕೊಟ್ಟ ಮನೆಯ ಲೆಕ್ಕ ಹೀಗೆ: ಬಂದ ಬಾಡಿಗೆಯಲ್ಲಿ ಪುರಸಭೆಯ ತೆರಿಗೆಯನ್ನು ಕಳೆದು, ಉಳಿದುದರಲ್ಲಿ ಶೇ. 30ನ್ನು ದುರಸ್ತಿ ಮುಂತಾದವುಗಳಿಗೆಂದು ಕಳೆದು, ಆಮೇಲೆ ಸಾಲದ ಬಡ್ಡಿಯನ್ನು ಕಳೆಯಬೇಕು. ನಮ್ಮ ಉದಾಹರಣೆಯಲ್ಲಿ ಮನೆ ತೆರಿಗೆಯನ್ನು 8,000 ಎಂದು ಹಿಡಿದರೆ ಉಳಿಯುವುದು 1,09,900. ಮೊದಲ ವರ್ಷದ ಬಡ್ಡಿ ಸುಮಾರು 3,37,000. ನಷ್ಟ 2,27,000. ಹಳೆಯ ತೆರಿಗೆ ಪದ್ಧತಿಯಲ್ಲಿ ಈ ನಷ್ಟದಲ್ಲಿ 2 ಲಕ್ಷದವರೆಗೆ ಸಂಬಳದಿಂದ ಕಳೆಯಬಹುದು. 2023–24ರ ಹಣಕಾಸು ವರ್ಷದಿಂದ ತಾನಾಗಿಯೇ ಅನ್ವಯಿಸುವ ಹೊಸ ಪದ್ಧತಿಯಲ್ಲಿ ಹಾಗೆ ಕಳೆಯಲು ಬರುವುದಿಲ್ಲ. ಇಂದು ಹೆಚ್ಚಿನ ನೌಕರರು ಹೊಸ ಪದ್ಧತಿಯಲ್ಲಿರುವಾಗ, ಎರಡು ಲಕ್ಷದ ಹಳೆಯ ಕಥೆಯನ್ನು ಹೇಳುವ ಮಧ್ಯವರ್ತಿಯನ್ನು ನಂಬಬಾರದು.

ಶಿಕ್ಷಕರಿಗೆ ನನ್ನ ಸಲಹೆಯನ್ನು ಹೇಳಿಬಿಡುತ್ತೇನೆ. ಊರಿನಲ್ಲಿ ಅವರಿಗೆ ಸ್ವಂತ ಮನೆಯಿದೆ, ಮೇಲೆ ಮಾಳಿಗೆ ಖಾಲಿಯಿದೆ ಎಂದು ಪತ್ರದ ಕೊನೆಗೆ ಬರೆದಿದ್ದಾರೆ. ಅವರು ಅಷ್ಟಾಗಿ ಗಮನಿಸದ ಆ ಒಂದು ಸಾಲಿನಲ್ಲಿಯೇ ಉತ್ತರವಿದೆ. ನೆಲಕ್ಕೆ ಹಣ ಕೊಡಬೇಕಾಗಿಲ್ಲ, ಮುದ್ರಾಂಕ ಶುಲ್ಕವಿಲ್ಲ. ಎರಡು ಕೋಣೆಯ ಒಂದು ಮಾಳಿಗೆ ಮನೆಗೆ 15 ಲಕ್ಷ ತಗಲುತ್ತದೆಂದು ಹಿಡಿಯೋಣ. ಕೈಯಿಂದ 5 ಲಕ್ಷ, ಸಾಲ 10 ಲಕ್ಷ. ಹದಿನೈದು ವರ್ಷಕ್ಕೆ ಶೇ. 8.5ರಂತೆ ಕಂತು 9,847 ರೂಪಾಯಿ. ಬಾಡಿಗೆ 9,000 ಬಂದರೂ ಕೈಯಿಂದ ಹಾಕುವುದು ತಿಂಗಳಿಗೆ ಸಾವಿರದೊಳಗೆ. ಮನೆ ಖಾಲಿ ಬಿದ್ದ ತಿಂಗಳು ಪೂರ್ತಿ ಕಂತನ್ನೂ ಮಗನು ತೊಂದರೆಯಿಲ್ಲದೆ ಕಟ್ಟಬಲ್ಲ. ಉಳಿದ 20 ಲಕ್ಷ ಹಿರಿಯ ನಾಗರಿಕರ ಯೋಜನೆಯಲ್ಲಿ ಶೇ. 8.2ರ ದರದಲ್ಲಿ ವರ್ಷಕ್ಕೆ 1,64,000 ತರುತ್ತದೆ. ಬಾಡಿಗೆದಾರರು ಕಣ್ಣೆದುರಿಗೇ ಇರುತ್ತಾರೆ, ಮುಪ್ಪಿನಲ್ಲಿ ಒಂದು ನೆರೆಯೂ ಆಯಿತು. ಆದರೆ ತಳಪಾಯ ಮೇಲಿನ ಭಾರವನ್ನು ತಡೆಯುತ್ತದೆಯೇ ಎಂದು ಇಂಜಿನಿಯರರಿಂದ ಪರೀಕ್ಷೆ ಮಾಡಿಸಬೇಕು. ಪಂಚಾಯಿತಿ ಅಥವಾ ಪುರಸಭೆಯಿಂದ ಮೇಲ್ಮಾಳಿಗೆಗೂ ನಕ್ಷೆಯ ಮಂಜೂರಾತಿ ಪಡೆಯಬೇಕು. ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ ದಾಖಲೆಯೂ ಸರಿಯಿರಬೇಕು. ಮಂಜೂರಾತಿಯಿಲ್ಲದ ಮಾಳಿಗೆಗೆ ಬ್ಯಾಂಕು ಸಾಲ ಕೊಡುವುದಿಲ್ಲ.

ಕಟ್ಟುತ್ತಿರುವ ಅಪಾರ್ಟ್‌ಮೆಂಟಿನಲ್ಲಿ ಫ್ಲಾಟು ಕಾದಿರಿಸುವವರಿಗೆ ಮಾತ್ರ ಒಂದು ಮಾತು: ಮನೆ ಕೈಗೆ ಬರುವವರೆಗೆ ಬಾಡಿಗೆಯಿಲ್ಲ, ಬಡ್ಡಿ ಇದೆ. ಜೊತೆಗೆ ಸ್ವತಃ ಬಾಡಿಗೆ ಮನೆಯಲ್ಲಿರುವವರಾದರೆ ಎರಡೂ ಕಡೆ ತೆರಬೇಕು. ಪೂರ್ಣಗೊಂಡು ವಾಸಯೋಗ್ಯ ಪ್ರಮಾಣಪತ್ರ ಪಡೆದ ಮನೆಯನ್ನೇ ಕೊಂಡರೆ ಜಿಎಸ್‌ಟಿ ತೆರಿಗೆಯೂ ತಪ್ಪುತ್ತದೆ.

ಈಗಾಗಲೇ ಸಾಲ ಮಾಡಿರುವ ಓದುಗರು ಅದನ್ನು ಬೇಗ ತೀರಿಸುವ ಕಡೆಗೆ ಮನಸ್ಸು ಕೊಡಲಿ. ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲು ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲವೆಂದು 2012ರಲ್ಲಿಯೇ ರಿಸರ್ವ್ ಬ್ಯಾಂಕು ಆಜ್ಞೆ ಮಾಡಿದೆ. 40 ಲಕ್ಷದ ನಮ್ಮ ಉದಾಹರಣೆಯಲ್ಲಿ ವರ್ಷಕ್ಕೊಂದು ಕಂತನ್ನು ಹೆಚ್ಚಾಗಿ ಕಟ್ಟುತ್ತ ಬಂದರೆ ಇಪ್ಪತ್ತು ವರ್ಷದ ಸಾಲ ಹದಿನೇಳನೆಯ ವರ್ಷದೊಳಗೆ ತೀರುತ್ತದೆ. ಸುಗ್ಗಿಯ ಹಣ, ನೌಕರರ ಬಾಕಿ ಸಂಬಳ, ಬೋನಸ್ಸು ಯಾವುದಾದರೂ ಆಗಬಹುದು. ಆರಂಭದ ವರ್ಷಗಳಲ್ಲಿ ಕಟ್ಟಿದ ಹೆಚ್ಚಿನ ಹಣವೇ ಹೆಚ್ಚು ಬಡ್ಡಿಯನ್ನು ಉಳಿಸುತ್ತದೆ. ಕಟ್ಟುವಾಗ ಇದು ಅಸಲಿಗೆ, ಅವಧಿಯನ್ನು ಕಡಿಮೆ ಮಾಡಿರಿ ಎಂದು ಬರೆದು ಕೊಟ್ಟು, ಮುಂದಿನ ತಿಂಗಳ ಪಟ್ಟಿಯಲ್ಲಿ ಹಾಗೆಯೇ ಆಗಿದೆಯೇ ಎಂದು ನೋಡಬೇಕು.

ಸಾಲ ಪೂರ್ತಿ ತೀರಿದ ಮೇಲೆ ಮೂಲ ಕಾಗದಪತ್ರಗಳನ್ನು 30 ದಿನಗಳೊಳಗೆ ಹಿಂದಿರುಗಿಸುವುದು ಬ್ಯಾಂಕಿನ ಹೊಣೆ. 2023ರ ಡಿಸೆಂಬರ್ 1ರಿಂದ ಜಾರಿಗೆ ಬಂದ ಸೂಚನೆಯಂತೆ, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಅದು ಗ್ರಾಹಕನಿಗೆ ಪರಿಹಾರ ಕೊಡಬೇಕು. ಕಾಗದಗಳನ್ನು ಪಡೆಯುವಾಗ ಸಾಲ ಪಡೆದ ದಿನ ಬ್ಯಾಂಕು ಕೊಟ್ಟ ಪಟ್ಟಿಯೊಂದಿಗೆ ಒಂದೊಂದಾಗಿ ತಾಳೆ ನೋಡಿರಿ. ಅಡಮಾನವನ್ನು ನೋಂದಾಯಿಸಿದ್ದರೆ ಅದರ ಬಿಡುಗಡೆಯನ್ನೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿ, ಹೊಸ ಋಣಭಾರ ಪತ್ರವನ್ನು ತೆಗೆಸಿ, ಬ್ಯಾಂಕಿನ ಹೆಸರಿನ ಮುಂದೆ ಬಿಡುಗಡೆಯ ನಮೂದು ಬಂದಿದೆಯೇ ಎಂಬುದನ್ನು ಪರಿಶೀಲಿಸಿಕೊಳ್ಳಿರಿ.